ದಂಡಿನ ಹಿಂದೊಂದು ಬದುಕು

ಪನಾಮಾ ಕಾಲುವೆಯ ಅಂಚಿನ ಕಾಡಿನಲ್ಲಿ ಮಳೆಗಾಲದ ಬೆಳಿಗ್ಗೆ ನಡೆಯುವಾಗ ನೆಲದ ತರಗೆಲೆ ಇದ್ದಕ್ಕಿದ್ದಂತೆ ಸರಸರ ಎನ್ನತೊಡಗಿದರೆ ಅಲ್ಲೇ ನಿಲ್ಲಬೇಕು. ಗಾಳಿ ಬೀಸಿರುವುದಿಲ್ಲ, ಮಳೆ ಹನಿದಿರುವುದಿಲ್ಲ. ಎಲೆಯಡಿಯಲ್ಲಿ ಹಗಲಿಡೀ ಅಡಗಿ ಕೂರಬೇಕಾದ ಜಿರಳೆ, ಮಿಡತೆ, ಜೇಡ, ಜರಿ, ಚೇಳುಗಳೆಲ್ಲ ಒಟ್ಟಿಗೇ ಎದ್ದು ಓಡುತ್ತಿರುತ್ತವೆ. ಕೆಲವು ಗಿಡ ಹತ್ತಿ ಎಲೆಯ ತುದಿಯವರೆಗೂ ಹೋಗಿ, ಮುಂದೆ ದಾರಿಯಿಲ್ಲದೆ ಕೆಳಕ್ಕೆ ಧುಮುಕುತ್ತವೆ. ಅವುಗಳ ಬೆನ್ನಿಗೆ ನೆಲವನ್ನೆಲ್ಲ ಮುಚ್ಚಿಕೊಂಡು ಇರುವೆಗಳ ದಂಡು ಬರುತ್ತದೆ.

ಇವು ಎಸಿಟಾನ್ ಬರ್ಚೆಲ್ಲಿ ಎಂಬ ದಂಡಿರುವೆಗಳು. ಒಂದು ಕುಟುಂಬದಲ್ಲಿ ಕೆಲವು ಲಕ್ಷ ಕೆಲಸಗಾರ ಇರುವೆಗಳಿರುತ್ತವೆ. ಅವು ಹೆಚ್ಚುಕಡಿಮೆ ಕುರುಡು. ಮುಂದಿನವರು ಬಿಟ್ಟ ವಾಸನೆ ಮತ್ತು ಮೀಸೆಯ ಸ್ಪರ್ಶ, ಇವೆರಡೇ ಅವಕ್ಕೆ ದಾರಿ ತೋರಿಸುವುದು. ಬೆಳಕು ಹರಿದ ಮೇಲೆ ಹೊರಟ ದಂಡು ಮುಂದೆ ಹೋದಂತೆ ಬೀಸಣಿಗೆಯಾಗಿ ಹರಡಿಕೊಂಡು, ಹತ್ತು ಮೀಟರಿಗೂ ಅಗಲವಾದ ಸಾಲಾಗಿ, ಗಂಟೆಗೆ ಹದಿನೈದು ಮೀಟರಿನಷ್ಟು ವೇಗದಲ್ಲಿ ಕಾಡಿನ ನೆಲವನ್ನು ಜಾಲಾಡುತ್ತದೆ. ಸಿಕ್ಕ ಹುಳುವನ್ನು ಅಲ್ಲೇ ತುಂಡರಿಸಿ ಹಿಂದಕ್ಕೆ ಸಾಗಿಸುತ್ತದೆ.

ದಂಡಿನ ಮೇಲೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಬೆರಳು ಗಾತ್ರದ ನೆಟ್ಟನೆಯ ಗಿಡದ ಕಾಂಡವನ್ನು ಅಡ್ಡಡ್ಡ ಹಿಡಿದು ಒಂದು ಪುಟ್ಟ ಹಕ್ಕಿ ಕೂತಿರುತ್ತದೆ. ಗಂಡಾದರೆ ಬೂದು ತಲೆ, ಕಪ್ಪು ಗಂಟಲು, ಬಿಳಿ ಎದೆಯ ಮೇಲೆ ಕಪ್ಪು ಚುಕ್ಕೆಗಳ ಒಂದು ಸರ, ಕೆಂಗಂದು ಬೆನ್ನು. ತೂಕ ಹದಿನೇಳು ಹದಿನೆಂಟು ಗ್ರಾಂ. ಇಂಗ್ಲಿಷಿನಲ್ಲಿ ಇದು ಸ್ಪಾಟೆಡ್ ಆ್ಯಂಟ್‌ಬರ್ಡ್; ನಾನು ಚುಕ್ಕೆಹಕ್ಕಿ ಎನ್ನುತ್ತೇನೆ. ಹೆಸರಿನಲ್ಲಿ ಇರುವೆಯಿದ್ದರೂ ಅದರ ಕಣ್ಣು ಇರುವೆಯ ಮೇಲಿಲ್ಲ. ದಂಡಿಗೆ ಹೆದರಿ ಹೊರಬಿದ್ದ ಮಿಡತೆಯೊಂದು ಕಂಡ ಕ್ಷಣ ನೆಲಕ್ಕೆ ಇಳಿದು, ಕೊಕ್ಕಿನಲ್ಲಿ ಕಚ್ಚಿ, ಇರುವೆ ಕಾಲಿಗೆ ಹತ್ತುವ ಮುನ್ನ ಮತ್ತೆ ಕಾಂಡಕ್ಕೆ ಹಾರಿರುತ್ತದೆ. ಗದ್ದೆ ಉಳುವಾಗ ನೇಗಿಲಿನ ಹಿಂದೆ, ಈಗ ಟ್ರ್ಯಾಕ್ಟರಿನ ಹಿಂದೆ, ಬೆಳ್ಳಕ್ಕಿಗಳು ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಇರುವೆಹಕ್ಕಿಗಳ ಕಸುಬೂ ಅದೇ. ಅಡಗಿದ್ದ ಹುಳುವನ್ನು ಎಬ್ಬಿಸುವ ಶ್ರಮ ಇನ್ನೊಬ್ಬರದು, ಹಿಡಿಯುವ ಕೈಚಳಕ ಇವುಗಳದು.

ಇರುವೆಹಕ್ಕಿಗಳ ಕುಟುಂಬದಲ್ಲಿ 230ಕ್ಕೂ ಹೆಚ್ಚು ಪ್ರಭೇದಗಳಿವೆ. ಮೆಕ್ಸಿಕೊದಿಂದ ಅರ್ಜೆಂಟೀನಾದ ಉತ್ತರ ಭಾಗದವರೆಗಿನ ನೆಲ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇವು ಇಲ್ಲ. ಅಮೆಜಾನಿನ ತಗ್ಗು ಕಾಡು ಇವುಗಳ ತವರು. 1863ರಲ್ಲಿ ಪ್ರಕಟವಾದ ತಮ್ಮ ಅಮೆಜಾನ್ ಪ್ರವಾಸದ ಪುಸ್ತಕದಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್, ಕಾಡಿನಲ್ಲಿ ದಂಡಿರುವೆ ಹತ್ತಿರದಲ್ಲಿದೆ ಎಂಬುದನ್ನು ಮೊದಲು ತಿಳಿಸುವುದು ಮಂಕು ಬಣ್ಣದ ಪುಟ್ಟ ಹಕ್ಕಿಗಳ ಚಡಪಡಿಕೆಯೇ ಎಂದು ಬರೆದಿದ್ದಾರೆ. ಆ ಸೂಚನೆ ಗಮನಿಸದೆ ನಾಲ್ಕು ಹೆಜ್ಜೆ ಮುಂದಿಟ್ಟವರು ಕಾಲು ಝಾಡಿಸುತ್ತ ಓಡಬೇಕಾಗುತ್ತದೆ. ಆಫ್ರಿಕಾದ ಕಾಡಿನಲ್ಲಿ ಡೋರಿಲಸ್ ಇರುವೆಗಳ ಹಿಂದೆ ಹೋಗುವ ಹಕ್ಕಿಗಳಿವೆ, ಅವು ಬೇರೆ ಕುಲದವು. ನಮ್ಮ ಪಶ್ಚಿಮ ಘಟ್ಟದಲ್ಲೂ ಸಾಲುಗಟ್ಟಿ ಬೇಟೆಗೆ ಹೊರಡುವ ಇರುವೆಗಳುಂಟು, ಆದರೆ ಅವನ್ನೇ ನೆಚ್ಚಿ ಬದುಕುವ ಹಕ್ಕಿಕುಲ ಇಲ್ಲಿ ಬೆಳೆಯಲಿಲ್ಲ. ಈ ಕುಟುಂಬದ ಎಲ್ಲ ಹಕ್ಕಿಗಳೂ ಇರುವೆಯ ಹಿಂದೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಬಹುಪಾಲು ತಮ್ಮ ಪಾಡಿಗೆ ತಾವು ಎಲೆ ಕೊಂಬೆ ಹುಡುಕಿ ಬದುಕುತ್ತವೆ. ಕೆಲವೇ ಕೆಲವು ಅದನ್ನು ಪೂರ್ಣಾವಧಿಯ ವೃತ್ತಿ ಮಾಡಿಕೊಂಡಿವೆ. ಚುಕ್ಕೆಹಕ್ಕಿ ಈ ಎರಡರ ನಡುವಿನದು.

ಈ ನಡುವಿನ ಸ್ಥಾನ ಏನೆಂದು ನಮಗೆ ತಿಳಿದದ್ದು ಎಡ್ವಿನ್ ವಿಲ್ಲಿಸ್ ಎಂಬ ಪಕ್ಷಿವಿಜ್ಞಾನಿಯ ತಾಳ್ಮೆಯಿಂದ. ಪನಾಮಾದ ಗಾಟೂನ್ ಸರೋವರದ ನಡುವೆ ಬಾರೊ ಕೊಲರಾಡೊ ಎಂಬ ದ್ವೀಪವಿದೆ. 1960ರ ಸುಮಾರಿಗೆ ಅಲ್ಲಿ ಕೆಲಸ ಶುರು ಮಾಡಿದ ವಿಲ್ಲಿಸ್, ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಒಂದೊಂದು ಹಕ್ಕಿಯನ್ನೂ ಗುರುತಿಟ್ಟುಕೊಂಡು, ದಂಡಿನ ಜೊತೆ ಜೊತೆಗೇ ಕಾಡು ಸುತ್ತಿದರು. ಅವರು ಕಂಡದ್ದು ಕಟ್ಟುನಿಟ್ಟಾದ ಪಂಕ್ತಿಭೇದ. ಹುಳುಗಳು ಅತಿ ಹೆಚ್ಚು ಹೊರಬೀಳುವ ಜಾಗ ದಂಡಿನ ಮುಂಚೂಣಿಯ ಮಧ್ಯಭಾಗ. ಅದು ಒಸೆಲ್ಲೇಟೆಡ್ ಆ್ಯಂಟ್‌ಬರ್ಡ್ ಎಂಬ ದೊಡ್ಡ ಹಕ್ಕಿಯ ಪಾಲು. ಕಣ್ಣಿನ ಸುತ್ತ ಗರಿಯಿಲ್ಲದ ಕಡುನೀಲಿ ಚರ್ಮವಿರುವ ಈ ಹಕ್ಕಿಯನ್ನು ನೀಲಿಮುಖ ಎನ್ನೋಣ. ಅದರ ತೂಕ ಐವತ್ತು ಗ್ರಾಂ. ಅದರ ಸುತ್ತ ಮೂವತ್ತು ಗ್ರಾಮಿನ ಬಿಳಿಯೆದೆ, ಪಕ್ಷಿತಜ್ಞರ ಬೈಕಲರ್ಡ್ ಆ್ಯಂಟ್‌ಬರ್ಡ್. ಇವೆರಡೂ ದಂಡಿಲ್ಲದೆ ಬಾಳಲಾರವು. ಇನ್ನೂ ಹೊರಗೆ, ಹುಳು ವಿರಳವಾಗಿ ಸಿಗುವ ಅಂಚಿನಲ್ಲಿ, ಚುಕ್ಕೆಹಕ್ಕಿ. ಮಧ್ಯಕ್ಕೆ ನುಗ್ಗಲು ನೋಡಿದರೆ ದೊಡ್ಡವು ಅಟ್ಟುತ್ತವೆ. ನೀಲಿಮುಖಗಳಂತೂ ಒಕ್ಕಲಾಗಿ ಬರುತ್ತವೆ. ಬೆಳೆದ ಗಂಡುಮಕ್ಕಳು ತಮ್ಮ ಜೋಡಿಯನ್ನು ತಂದೆತಾಯಿಯ ನೆಲಕ್ಕೇ ಕರೆತಂದು, ಮೂರು ತಲೆಮಾರು ಒಂದೇ ದಂಡಿನ ಬಳಿ ಉಣ್ಣುವುದನ್ನು ವಿಲ್ಲಿಸ್ ದಾಖಲಿಸಿದ್ದಾರೆ.

ದಂಡಿನ ಸುತ್ತ ನೆರೆಯುವವರು ಹಕ್ಕಿಗಳಷ್ಟೇ ಅಲ್ಲ. ಇರುವೆಗೆ ಹೆದರಿ ಓಡುವ ಜಿರಳೆಗಳ ಮೈಮೇಲೆ ಮೊಟ್ಟೆಯಿಡಲು ಸ್ಟೈಲೊಗ್ಯಾಸ್ಟರ್ ಎಂಬ ನೊಣಗಳು ದಂಡಿನ ಮೇಲೆ ತೂಗಾಡುತ್ತಿರುತ್ತವೆ. ಇತೊಮಿಯಿನಿ ಗುಂಪಿನ ಚಿಟ್ಟೆಗಳೂ ಬರುತ್ತವೆ. ಅವಕ್ಕೆ ಬೇಕಾದ್ದು ಹಕ್ಕಿಗಳ ಹಿಕ್ಕೆ. ಹೂವಿನ ಮಕರಂದದಲ್ಲಿ ಸಕ್ಕರೆಯಿದೆ, ಮೊಟ್ಟೆ ಕಟ್ಟಲು ಬೇಕಾದ ಸಾರಜನಕ ಸಾಲದು, ಹಿಕ್ಕೆಯಲ್ಲಿ ಅದಿದೆ. ದಂಡಿನ ಹಿಂದೆ ಹಕ್ಕಿ, ಹಕ್ಕಿಯ ಹಿಂದೆ ಚಿಟ್ಟೆ ಎಂಬ ಈ ಸಂಗತಿ 1980ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿಯಾಯಿತು. ಇಡೀ ಜೀವಮಾನ ಈ ಇರುವೆಯನ್ನೇ ಅಭ್ಯಸಿಸಿದ ಕಾರ್ಲ್ ರೆಟನ್ಮೇಯರ್ ಮತ್ತು ಸಂಗಡಿಗರು ಅದರೊಡನೆ ನಂಟಿರುವ ಜೀವಿಗಳ ಪಟ್ಟಿ ಮಾಡಿದಾಗ ಅದು ಮುನ್ನೂರು ಪ್ರಭೇದಗಳನ್ನು ದಾಟಿತು. ಒಂದೇ ಒಂದು ಪ್ರಾಣಿಯನ್ನು ಕೇಂದ್ರವಾಗಿಟ್ಟುಕೊಂಡ ಇಷ್ಟು ದೊಡ್ಡ ಬಳಗ ಬೇರೊಂದು ತಿಳಿದಿಲ್ಲ.

ಇಷ್ಟೆಲ್ಲ ಜನ ಉಣ್ಣುವಾಗ ಇರುವೆಗೇನು ಲಾಭ? ಬಹುಕಾಲ ಯಾರೂ ಇದನ್ನು ಅಳೆಯಲಿಲ್ಲ. ಹಕ್ಕಿಗಳಿಂದ ನಷ್ಟವೂ ಇಲ್ಲ ಲಾಭವೂ ಇಲ್ಲ ಎಂದೇ ಪಠ್ಯಗಳು ಬರೆದುಕೊಂಡು ಬಂದವು. ಬಾರೊ ಕೊಲರಾಡೊದಲ್ಲಿ ಪೀಟರ್ ರೆಗಿ ಮತ್ತು ಜೊತೆಗಾರರು ದಂಡಿನ ಬಳಿಗೆ ಹಕ್ಕಿಗಳು ಬಾರದಂತೆ ತಡೆದು, ಇರುವೆಗಳು ಸಾಗಿಸುವ ಬೇಟೆಯನ್ನು ಎಣಿಸಿದರು. ಹಕ್ಕಿಗಳಿಲ್ಲದಾಗ ಇರುವೆಗೆ ಹೆಚ್ಚು ಸಿಕ್ಕಿತು. 2005ರಲ್ಲಿ ಪ್ರಕಟವಾದ ಆ ಪ್ರಬಂಧ ಇರುವೆಹಕ್ಕಿಗಳನ್ನು ಪರಾವಲಂಬಿಗಳ ಸಾಲಿಗೆ ಸೇರಿಸಿತು. ಹಕ್ಕಿಗೆ ಇರುವೆ ಬೇಕು, ಇರುವೆಗೆ ಹಕ್ಕಿ ಬೇಡ. ಮುಂದೆ ಹೇಳುವ ವಿಷಯಕ್ಕೆ ಈ ಏಕಮುಖ ಸಂಬಂಧ ಮುಖ್ಯ. ಹಕ್ಕಿ ಉಳಿಯಲಿ ಬಿಡಲಿ, ಇರುವೆ ತನ್ನ ಲೆಕ್ಕದಲ್ಲೇ ನಡೆಯುತ್ತದೆ.

ಆ ಲೆಕ್ಕವನ್ನು ಬಿಡಿಸಿದವರು ಥಿಯೋಡೋರ್ ಷ್ನೆಯಿರ್ಲಾ. 1932ರಿಂದ ಅವರು ಇದೇ ದ್ವೀಪಕ್ಕೆ ಮತ್ತೆ ಮತ್ತೆ ಬಂದು ದಂಡಿರುವೆಗಳನ್ನು ಹಿಂಬಾಲಿಸಿದರು. ಈ ಇರುವೆಗೆ ಮಣ್ಣಿನ ಗೂಡಿಲ್ಲ. ರಾತ್ರಿ ಲಕ್ಷಾಂತರ ಇರುವೆಗಳು ಒಂದರ ಕಾಲುಗುರಿಗೆ ಇನ್ನೊಂದು ಕೊಕ್ಕೆ ಹಾಕಿಕೊಂಡು ನೇತಾಡಿ, ತಮ್ಮ ಮೈಗಳಿಂದಲೇ ಗೋಡೆ ಕಟ್ಟಿ, ನಡುವೆ ರಾಣಿಯನ್ನೂ ಮರಿಗಳನ್ನೂ ಇಟ್ಟುಕೊಳ್ಳುತ್ತವೆ. ಸುಮಾರು ಹದಿನೈದು ದಿನ ಈ ಬಿಡಾರ ಪ್ರತಿ ರಾತ್ರಿ ಜಾಗ ಬದಲಿಸುತ್ತದೆ, ಪ್ರತಿ ಹಗಲು ದೊಡ್ಡ ದಾಳಿ ಹೊರಡುತ್ತದೆ. ಆಮೇಲಿನ ಸುಮಾರು ಇಪ್ಪತ್ತು ದಿನ ಅದು ಯಾವುದಾದರೂ ಪೊಟರೆಯಲ್ಲಿ ತಳ ಊರುತ್ತದೆ. ಆಗ ದಾಳಿಗಳು ಚಿಕ್ಕವು, ಕೆಲವು ದಿನ ದಾಳಿಯೇ ಇಲ್ಲ. ಮಳೆ, ಬಿಸಿಲು, ಆಹಾರದ ಅಭಾವ ಇದಕ್ಕೆ ಕಾರಣವಿರಬೇಕು ಎಂದು ಮೊದಲಿಗೆ ಊಹಿಸಲಾಗಿತ್ತು. ಕಾರಣ ಬಿಡಾರದ ಒಳಗೇ ಇದೆ ಎಂದು ಷ್ನೆಯಿರ್ಲಾ ತೋರಿಸಿದರು. ಮರಿಗಳು ಹುಳುವಿನ ರೂಪದಲ್ಲಿ ಇರುವಷ್ಟು ಕಾಲ ಅವುಗಳ ಹಸಿವೂ ಚಲನೆಯೂ ಕೆಲಸಗಾರರನ್ನು ಕೆರಳಿಸುತ್ತವೆ, ಕುಟುಂಬ ಅಲೆಯುತ್ತದೆ. ಮರಿಗಳೆಲ್ಲ ಕೋಶಾವಸ್ಥೆಗೆ ಹೋದಾಗ ಆ ಪ್ರಚೋದನೆ ನಿಲ್ಲುತ್ತದೆ. ಕುಟುಂಬ ನೆಲೆಯೂರುತ್ತದೆ, ಆ ಬಿಡುವಿನಲ್ಲಿ ರಾಣಿ ಲಕ್ಷದಷ್ಟು ಮೊಟ್ಟೆಯಿಡುತ್ತದೆ. ಹೊಸ ಇರುವೆಗಳು ಕೋಶ ಒಡೆದು ಹೊರಬರುವ ಹೊತ್ತಿಗೆ ಹೊಸ ಮೊಟ್ಟೆಗಳೂ ಮರಿಯಾಗಿರುತ್ತವೆ. ಮತ್ತೆ ಅಲೆದಾಟ. ಒಟ್ಟು ಮೂವತ್ತೈದು ದಿನಗಳ ಚಕ್ರ.

ಈಗ ಇದನ್ನು ಹಕ್ಕಿಯ ಕಡೆಯಿಂದ ನೋಡಿ. ಒಂದೇ ಇರುವೆ ಕುಟುಂಬವನ್ನು ನಂಬಿದರೆ ಮೂವತ್ತೈದು ದಿನಗಳಲ್ಲಿ ಇಪ್ಪತ್ತು ದಿನ ಅರೆಹೊಟ್ಟೆ. ಆದ್ದರಿಂದ ಹಕ್ಕಿ ಹಲವು ಕುಟುಂಬಗಳ ಮೇಲೆ ಕಣ್ಣಿಡಬೇಕು. ಎಷ್ಟು? ಪಕ್ಕಪಕ್ಕದ ಕುಟುಂಬಗಳ ಚಕ್ರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಪ್ರತಿಯೊಂದೂ ತನ್ನದೇ ದಿನಗಣನೆಯಲ್ಲಿರುತ್ತದೆ. ಯಾವುದೇ ಒಂದು ದಿನ ಒಂದು ಕುಟುಂಬ ತಳವೂರಿರುವ ಸಾಧ್ಯತೆ ಏಳರಲ್ಲಿ ನಾಲ್ಕು. ಮೂರು ಕುಟುಂಬಗಳು ಗೊತ್ತಿದ್ದರೆ, ಮೂರೂ ಒಟ್ಟಿಗೆ ತಳವೂರಿರುವ ಸಾಧ್ಯತೆ ಹತ್ತಿರ ಹತ್ತಿರ ಐದರಲ್ಲಿ ಒಂದು. ಅಂದರೆ ಐದು ದಿನಕ್ಕೊಂದು ದಿನ ಕಾಡಿನಲ್ಲಿ ಒಳ್ಳೆಯ ದಾಳಿಯೇ ಇಲ್ಲ. ಎಂಟು ಕುಟುಂಬಗಳು ಗೊತ್ತಿದ್ದರೆ ಅಂಥ ದಿನ ನೂರಕ್ಕೆ ಒಂದು. ನೈಜೆಲ್ ಫ್ರಾಂಕ್ಸ್ 1980ರ ದಶಕದ ಆರಂಭದಲ್ಲಿ ಬಾರೊ ಕೊಲರಾಡೊದ ಸುಮಾರು 1,560 ಹೆಕ್ಟೇರಿನಲ್ಲಿ ಸುಮಾರು ಐವತ್ತು ಕುಟುಂಬಗಳಿವೆ ಎಂದು ಅಂದಾಜು ಮಾಡಿದ್ದರು. ಒಂದಕ್ಕೆ ಮೂವತ್ತು ಹೆಕ್ಟೇರು. ಎಂಟು ಕುಟುಂಬಗಳೆಂದರೆ 240 ಹೆಕ್ಟೇರು, ಸುಮಾರು ಆರುನೂರು ಎಕರೆ ಕಾಡು. ಇಷ್ಟು ಜಾಗ ಬೇಕಾದ್ದು ಐವತ್ತು ಗ್ರಾಮಿನ ಹಕ್ಕಿಗೆ, ಅದೂ ಎಲ್ಲಿಯೂ ಕಡಿಯದ ಒಂದೇ ಹರಹಿನಲ್ಲಿ. ಇದು ನನ್ನ ಲೆಕ್ಕ, ಒರಟು ಲೆಕ್ಕ. ಹಕ್ಕಿ ತಳವೂರಿದ ಕುಟುಂಬದ ಸಣ್ಣ ದಾಳಿಯಿಂದಲೂ ಒಂದಿಷ್ಟು ಗಿಟ್ಟಿಸುತ್ತದೆ. ಆದರೆ ಈ ಹಕ್ಕಿಗಳ ಮುಂದಿನ ಕಥೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ. ಕಾಲದಲ್ಲಿ ಬೀಳುವ ಕೊರತೆಯನ್ನು ಅವು ಜಾಗದಿಂದ ತುಂಬಿಸಿಕೊಳ್ಳುತ್ತವೆ.

ಹಾಗೆ ತುಂಬಿಸಿಕೊಳ್ಳಲು ನೆನಪು ಬೇಕು. ವೃತ್ತಿನಿರತ ಹಕ್ಕಿಗಳು ದಂಡು ಕಂಡಾಗ ಉಂಡು ಸುಮ್ಮನೆ ಹೋಗುವುದಿಲ್ಲ. ಇರುವೆಗಳ ಸಾಲನ್ನೇ ಹಿಡಿದು ಹಿಂದಕ್ಕೆ ಹೋಗಿ ಬಿಡಾರ ಎಲ್ಲಿದೆ ಎಂದು ನೋಡಿಕೊಳ್ಳುತ್ತವೆ. ಮರುದಿನ ಬೆಳಿಗ್ಗೆ ಒಂದೊಂದೇ ಬಿಡಾರಕ್ಕೆ ಭೇಟಿ ಕೊಟ್ಟು, ಯಾವುದು ಹೊರಟಿದೆ, ಯಾವುದು ಹೊರಡುವಂತಿಲ್ಲ ಎಂದು ತಿಳಿದು, ಆಮೇಲೆ ಆಯ್ಕೆ ಮಾಡುತ್ತವೆ. ಕೋಸ್ಟರಿಕಾದಲ್ಲಿ ಇದನ್ನು ಗಮನಿಸಿದ ಮೋನಿಕಾ ಸ್ವಾರ್ಟ್ಸ್ 2001ರಲ್ಲಿ ಬರೆದ ಪ್ರಬಂಧ, ದಂಡನ್ನೇ ನೆಚ್ಚಿದವರನ್ನೂ ಸಿಕ್ಕಾಗ ಉಣ್ಣುವವರನ್ನೂ ಬೇರ್ಪಡಿಸುವ ಗೆರೆ ಈ ತಪಾಸಣೆಯೇ ಎಂದು ಹೇಳಿತು. ಒಂದು ಪುಟ್ಟ ತಲೆಯೊಳಗೆ ಕಾಡಿನ ನಕ್ಷೆ ಮತ್ತು ಹಲವು ಇರುವೆ ಕುಟುಂಬಗಳ ವರ್ತಮಾನ ಒಟ್ಟಿಗೆ ಇವೆ ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ಚುಕ್ಕೆಹಕ್ಕಿಗೆ ಅಷ್ಟು ತಿರುಗಾಟವಿಲ್ಲ. ಗಂಡು ಹೆಣ್ಣು ಜೋಡಿಯಾಗಿ ಕೆಲವು ಹೆಕ್ಟೇರಿನ ತಮ್ಮ ನೆಲವನ್ನು ವರ್ಷವಿಡೀ ಕಾಯುತ್ತವೆ. ದಂಡು ತಮ್ಮ ನೆಲದೊಳಕ್ಕೆ ಬಂದರೆ ಹಬ್ಬ. ಇಲ್ಲದಿದ್ದರೆ ಎಲೆಗಳ ಮೇಲೆ, ತರಗಿನಲ್ಲಿ ತಾವೇ ಹುಡುಕಿ ತಿನ್ನುತ್ತವೆ. ಗಂಡು ಹಿಡಿದ ಹುಳುವನ್ನು ಹೆಣ್ಣಿಗೆ ತಂದು ಕೊಡುತ್ತದೆ. ನೆಲಕ್ಕೆ ಹತ್ತಿರವಾಗಿ ಬಟ್ಟಲಿನಂಥ ಗೂಡು, ಎರಡು ಮೊಟ್ಟೆ, ಕಾವು ಕೂರುವುದರಲ್ಲಿ ಇಬ್ಬರ ಪಾಲೂ ಉಂಟು. ಹೆಚ್ಚಿನ ಗೂಡುಗಳು ಹಾವಿನ ಪಾಲೋ ಬೇರೆ ಪ್ರಾಣಿಯ ಪಾಲೋ ಆಗುತ್ತವೆ. ಜೋಡಿ ಮತ್ತೆ ಕಟ್ಟುತ್ತದೆ.

ಯಾವಾಗ ಕಟ್ಟಬೇಕೆಂದು ಹೇಗೆ ಗೊತ್ತು? ಇಂಗ್ಲೆಂಡಿನ ಹಕ್ಕಿಗೆ ಹಗಲು ಉದ್ದವಾಗುವುದೇ ಪಂಚಾಂಗ. ಸಮಭಾಜಕಕ್ಕೆ ಒಂಬತ್ತು ಡಿಗ್ರಿ ಉತ್ತರದಲ್ಲಿರುವ ಪನಾಮಾದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದು ಗಂಟೆಯಷ್ಟೇ ವ್ಯತ್ಯಾಸ; ನಮ್ಮ ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಇಷ್ಟು ಸಣ್ಣ ಬದಲಾವಣೆ ಹಕ್ಕಿಗೆ ತಿಳಿಯಲಾರದು ಎಂದು ನಂಬಲಾಗಿತ್ತು. ಮಿಖಾಯೆಲಾ ಹೌ, ಮಾರ್ಟಿನ್ ವಿಕೆಲ್ಸ್ಕಿ ಮತ್ತು ಜಾನ್ ವಿಂಗ್‌ಫೀಲ್ಡ್ ಚುಕ್ಕೆಹಕ್ಕಿಗಳನ್ನು ಕೃತಕ ಬೆಳಕಿನಲ್ಲಿಟ್ಟು ಪರೀಕ್ಷಿಸಿದರು. ಹಗಲನ್ನು ಕೇವಲ 17 ನಿಮಿಷ ಹೆಚ್ಚಿಸಿದಾಗಲೂ ಅವುಗಳ ಸಂತಾನಾಂಗಗಳು ಬೆಳೆಯತೊಡಗಿದವು, ಹಾಡು ಹೆಚ್ಚಿತು. 1998ರಲ್ಲಿ ಈ ಫಲಿತಾಂಶ ಬಂದಾಗ, ಉಷ್ಣವಲಯದ ಹಕ್ಕಿಗೆ ಋತುಗಳ ಅರಿವು ಮಂದ ಎಂಬ ಹಳೆಯ ನಂಬಿಕೆ ಸಡಿಲಾಯಿತು. ಇದೇ ತಂಡದ ಇನ್ನೊಂದು ಪ್ರಯೋಗ ನನಗೆ ಇನ್ನೂ ಪ್ರಿಯವಾದದ್ದು. ಹೊಟ್ಟೆತುಂಬ ಆಹಾರವಿದ್ದ ಹಕ್ಕಿಗಳಿಗೆ ಮೇಲಿನಿಂದ ಜೀವಂತ ಚಿಮ್ಮಂಡೆಗಳನ್ನು, ರಾತ್ರಿ ಮನೆಯ ಮೂಲೆಯಲ್ಲಿ ಕಿರಗುಟ್ಟುವ ಅದೇ ಹುಳುಗಳನ್ನು, ಕೊಟ್ಟಾಗ ಅವು ಹೆಚ್ಚು ಹಾಡಿದವು. ಆಗತಾನೇ ಸತ್ತ ಚಿಮ್ಮಂಡೆ ಕೊಟ್ಟರೆ ಆ ಉಮೇದು ಬರಲಿಲ್ಲ. ತಿಂದ ಪೋಷಕಾಂಶ ಎರಡರಲ್ಲೂ ಒಂದೇ. ಕಣ್ಣೆದುರು ಹುಳು ಓಡಾಡುವುದು, ಅದನ್ನು ಬೆನ್ನಟ್ಟಿ ಹಿಡಿಯುವುದು, ಮಳೆ ಹಿಡಿದಿದೆ, ಕಾಡಿನಲ್ಲಿ ಹುಳುಗಳೆದ್ದಿವೆ ಎಂಬ ಸುದ್ದಿಯಾಗಿ ಹಕ್ಕಿಯ ಮೈಗೆ ತಲುಪುತ್ತದೆ. ಹಗಲಿನ ಉದ್ದ ಸ್ಥೂಲವಾದ ಸಮಯ ತಿಳಿಸಿದರೆ ಚಿಮ್ಮಂಡೆ ವಾರವನ್ನು ಗೊತ್ತು ಮಾಡುತ್ತದೆ.

ದಂಡಿನ ಹಿಂದೆ ಹೋಗದ ಇರುವೆಹಕ್ಕಿಗಳೂ ಒಂಟಿಯಾಗಿ ಬದುಕುವುದು ಕಡಿಮೆ. ಪೆರುವಿನ ಮನು ಕಾಡಿನಲ್ಲಿ ಚಾರ್ಲ್ಸ್ ಮನ್ ಮತ್ತು ಜಾನ್ ಟೆರ್ಬೋರ್ಗ್ 1979ರಲ್ಲಿ ವಿವರಿಸಿದ ಏರ್ಪಾಟು ಹೀಗಿದೆ: ಹತ್ತಾರು ಪ್ರಭೇದಗಳಿಂದ ಒಂದೊಂದೇ ಜೋಡಿ ಸೇರಿ ಒಂದು ತಂಡವಾಗುತ್ತದೆ, ಎಲ್ಲ ಪ್ರಭೇದಗಳಿಗೂ ಸರಹದ್ದು ಒಂದೇ, ಪಕ್ಕದ ತಂಡ ಎದುರಾದಾಗ ಆಯಾ ಪ್ರಭೇದ ತನ್ನ ಎದುರಾಳಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಒಬ್ಬರು ಒಣಗಿ ಸುರುಳಿಯಾದ ಎಲೆಗಳನ್ನು ಬಿಚ್ಚಿ ನೋಡಿದರೆ, ಇನ್ನೊಬ್ಬರು ಹಸಿ ಎಲೆಯ ಅಡಿ, ಮತ್ತೊಬ್ಬರು ಬಳ್ಳಿಯ ಸಂದು. ತಲೆ ತಗ್ಗಿಸಿ ಎಲೆಯೊಳಗೆ ಇಣುಕುವವರಿಗೆ ಗಿಡುಗ ಕಾಣುವುದಿಲ್ಲ, ಆದ್ದರಿಂದ ಕಾವಲುಗಾರ ಬೇಕು. ಥಾಮ್ನೊಮಾನೆಸ್ ಎಂಬ ಬೂದು ಬಣ್ಣದ ಇರುವೆಹಕ್ಕಿ ನೆಟ್ಟಗೆ ಕೂತು ಸುತ್ತ ನೋಡುತ್ತ, ಗಿಡುಗ ಕಂಡಾಗ ಕೂಗುತ್ತದೆ. ಇತರರು ಎಬ್ಬಿಸಿದ ಹುಳುಗಳೇ ಅದಕ್ಕೆ ಊಟ. ಗಿಡುಗವಿಲ್ಲದಾಗಲೂ, ಒಂದೇ ಹುಳುವಿಗೆ ಇನ್ನೊಂದು ಹಕ್ಕಿ ಪೈಪೋಟಿಗಿಳಿದ ಕ್ಷಣದಲ್ಲಿ, ಅದು ಅಪಾಯದ ಕೂಗು ಹಾಕುವುದುಂಟು ಎಂದು ಮನ್ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಎದುರಾಳಿ ಬೆಚ್ಚಿ ಹಿಂಜರಿದಾಗ ಹುಳು ಕಾವಲುಗಾರನದು. ಉತ್ತರ ಕನ್ನಡದ ಅಣಶಿ ಕಾಡಿನಲ್ಲಿ ನಡೆದವರಿಗೆ ಮಿಶ್ರ ತಂಡಗಳು ಹೊಸತಲ್ಲ. ಅಲ್ಲಿ ಭೀಮರಾಜ ಇಂಥದೇ ಜಾಗದಲ್ಲಿ ಕೂತಿರುತ್ತದೆ.

ಇಷ್ಟು ಹೇಳಿದ್ದರ ತಿರುಳೆಂದರೆ, ಕಾಡಿನಲ್ಲಿ ಮರವಿದೆ, ಎಲೆಯಲ್ಲಿ ಹುಳುವಿದೆ ಎಂದ ಮಾತ್ರಕ್ಕೆ ಈ ಹಕ್ಕಿಗಳಿಗೆ ಊಟವಿದೆ ಎಂದಲ್ಲ. ಇರುವೆಯ ಚಕ್ರ, ಬಿಡಾರಗಳ ನಡುವಿನ ದಾರಿ, ತಂಡದ ಜೊತೆಗಾರರು, ಹಗಲಿನ ಹದಿನೇಳು ನಿಮಿಷ, ಇವೆಲ್ಲ ಕೂಡಿದರೆ ಊಟ. ಬಾರೊ ಕೊಲರಾಡೊ ದ್ವೀಪ ಇದನ್ನು ನಮಗೆ ಕಲಿಸಿದ ರೀತಿ ದುಃಖದ್ದು.

ಅದು ಮೊದಲು ದ್ವೀಪವಾಗಿರಲಿಲ್ಲ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಗಾಟೂನ್ ಸರೋವರ ತುಂಬಿದಾಗ, 1914ರ ಹೊತ್ತಿಗೆ, ಗುಡ್ಡವೊಂದು ನೀರಿನ ನಡುವೆ ಉಳಿಯಿತು. 1923ರಲ್ಲಿ ಅದನ್ನು ಸಂರಕ್ಷಿತ ತಾಣ ಮಾಡಿದರು. ಆಮೇಲೆ ಅಲ್ಲಿ ಮರ ಕಡಿದವರಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ಉಸ್ತುವಾರಿಯಲ್ಲಿ ಜಗತ್ತಿನ ಅತಿ ಹೆಚ್ಚು ಅಧ್ಯಯನವಾದ ಉಷ್ಣವಲಯದ ಕಾಡುಗಳಲ್ಲಿ ಅದೂ ಒಂದಾಯಿತು. ಹಾಗಿದ್ದೂ ಅಲ್ಲಿಂದ ಅರವತ್ತಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳು ಮರೆಯಾದವು. ಅವುಗಳಲ್ಲಿ ಒಂದು ಪಾಲು ಬಯಲು ಕುರುಚಲಿನವು. ಕಾಡು ಬೆಳೆದು ದಟ್ಟವಾದಾಗ ಅವು ಹೋದದ್ದು ಸಹಜ. ಉಳಿದವು ದಟ್ಟಕಾಡಿನವೇ. ಅವುಗಳಲ್ಲೊಂದು ನೀಲಿಮುಖ. ವಿಲ್ಲಿಸ್ ಕೆಲಸ ಶುರು ಮಾಡಿದಾಗ ಇದ್ದ ಕೆಲವೇ ಹಕ್ಕಿಗಳು ಒಂದೊಂದಾಗಿ ಕಡಿಮೆಯಾಗುತ್ತ, 1970ರ ಸುಮಾರಿಗೆ ಇಡೀ ದ್ವೀಪದಲ್ಲಿ ಒಂದೂ ಉಳಿಯಲಿಲ್ಲ. ತಾನೇ ಉಂಗುರ ತೊಡಿಸಿದ ಹಕ್ಕಿಗಳ ಕೊನೆಯನ್ನು ವಿಲ್ಲಿಸ್ 1974ರ ಪ್ರಬಂಧದಲ್ಲಿ ಬರೆದರು. ಐವತ್ತು ಇರುವೆ ಕುಟುಂಬಗಳು ಅಲ್ಲೇ ಇದ್ದವು, ಮರಗಳು ಇನ್ನಷ್ಟು ದೊಡ್ಡವಾಗಿದ್ದವು. ಆದರೆ ಹಕ್ಕಿಗಳು ಸಂಖ್ಯೆಯಲ್ಲಿ ಅತಿ ಕಡಿಮೆ. ಗೂಡುಗಳು ಪ್ರಾಣಿಗಳ ಪಾಲಾಗುವುದು ನಿಲ್ಲಲಿಲ್ಲ, ಸತ್ತವುಗಳ ಜಾಗ ತುಂಬಲು ಹೊರಗಿನಿಂದ ಒಂದೂ ಬರಲಿಲ್ಲ.

ಎದುರಿನ ದಡದಲ್ಲಿ ಅದೇ ಹಕ್ಕಿ ಇದೆ. ನಡುವೆ ಇರುವುದು ನೀರು, ಹಕ್ಕಿಗೆ ರೆಕ್ಕೆಯಿದೆ. ಯಾಕೆ ಬರಲಿಲ್ಲ? ಈ ಪ್ರಶ್ನೆಗೆ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೇರ ಉತ್ತರ ಕೊಟ್ಟಿತು. ಆರ್. ಪಿ. ಮೂರ್, ಡಗ್ಲಾಸ್ ರಾಬಿನ್ಸನ್ ಮತ್ತು ಇತರರು ಕಾಡಿನ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ದೋಣಿಯಲ್ಲಿ ಗಾಟೂನ್ ಸರೋವರಕ್ಕೆ ಒಯ್ದು, ದಡದಿಂದ 100, 200, 300 ಮೀಟರ್ ದೂರದಲ್ಲಿ ಹಾರಿಬಿಟ್ಟರು. ಕೆಲವು ಪ್ರಭೇದಗಳು ಸಲೀಸಾಗಿ ದಡ ಮುಟ್ಟಿದವು. ಕೆಲವು ಪ್ರಭೇದಗಳ ಹಕ್ಕಿಗಳು ನೂರು ಮೀಟರು ಹಾರುವುದರೊಳಗೇ ಸೋತವು, ಅವನ್ನು ನೀರಿನಿಂದ ಎತ್ತಿ ಕಾಪಾಡಬೇಕಾಯಿತು. ತಲೆಮಾರುಗಳಿಂದ ಗಿಡದಿಂದ ಗಿಡಕ್ಕೆ, ಮಬ್ಬು ಬೆಳಕಿನಲ್ಲಿ, ಕೆಲವೇ ಮೀಟರು ಹಾರಿ ಬದುಕಿದ ಗಿಡ್ಡ ದುಂಡು ರೆಕ್ಕೆಗಳು ಅವು. ಬಯಲು ದಾಟುವ ಪ್ರಸಂಗವೇ ಅವುಗಳ ಬದುಕಿನಲ್ಲಿ ಬಂದಿರಲಿಲ್ಲ.

ಬ್ರೆಜಿಲಿನ ಮನೌಸ್ ನಗರದ ಉತ್ತರಕ್ಕೆ ಎಂಬತ್ತು ಕಿಲೋಮೀಟರಿನಲ್ಲಿ ಇದೇ ಪಾಠವನ್ನು ಬೇಕೆಂದೇ ಪ್ರಯೋಗವಾಗಿ ಮಾಡಲಾಯಿತು. ಅಲ್ಲಿನ ಕಾಡನ್ನು ದನದ ಹುಲ್ಲುಗಾವಲಿಗಾಗಿ ಕಡಿಯುವುದು ಹೇಗೂ ಖಚಿತವಾಗಿತ್ತು. ಥಾಮಸ್ ಲವ್‌ಜಾಯ್ 1979ರಲ್ಲಿ ಬ್ರೆಜಿಲಿನ ವಿಜ್ಞಾನಿಗಳೊಂದಿಗೆ ಸೇರಿ, ಕಡಿಯುವಾಗ ಒಂದು, ಹತ್ತು, ನೂರು ಹೆಕ್ಟೇರಿನ ಚೌಕಗಳನ್ನು ಉಳಿಸುವಂತೆ ಏರ್ಪಾಟು ಮಾಡಿದರು. ಕಡಿಯುವ ಮೊದಲೂ ನಂತರವೂ ಹಕ್ಕಿಗಳನ್ನು ಬಲೆಯಲ್ಲಿ ಎಣಿಸಿದರು. ದಂಡನ್ನೇ ನಂಬಿದ ಮೂರು ಪ್ರಭೇದಗಳು ಅಲ್ಲಿದ್ದವು, ಅವುಗಳಲ್ಲೊಂದು ನೆತ್ತಿಯಲ್ಲೂ ಗದ್ದದಲ್ಲೂ ಬಿಳಿ ಗರಿಗಳನ್ನು ಸೆಟೆದುಕೊಂಡ ಪಿಥಿಸ್ ಎಂಬ ಇರುವೆಹಕ್ಕಿ. ಸಣ್ಣ ಚೌಕಗಳಿಂದ ಮೂರೂ ಎರಡು ವರ್ಷದೊಳಗೆ ಹೋದವು. ನೂರು ಹೆಕ್ಟೇರೂ ಅವಕ್ಕೆ ಸಾಲಲಿಲ್ಲ. ನೂರು ಹೆಕ್ಟೇರೆಂದರೆ ಸುಮಾರು ಮೂರು ಇರುವೆ ಕುಟುಂಬಗಳಿಗೆ ಸಾಕಾಗುವ ಜಾಗ; ಹಿಂದೆ ಹಾಕಿದ ಲೆಕ್ಕದಲ್ಲಿ ಐದು ದಿನಕ್ಕೊಂದು ದಿನ ಖಾಲಿ ಎಲೆ. ಮಿಶ್ರ ತಂಡಗಳೂ ಒಡೆದುಹೋದವು.

ಅದೇ ಪ್ರಯೋಗದಲ್ಲಿ ಯಾರೂ ಯೋಜಿಸದ ಒಂದು ಸಂಗತಿಯೂ ಹೊರಬಂತು. ಕೆಲವು ಹುಲ್ಲುಗಾವಲುಗಳನ್ನು ದನ ಸಾಕುವವರು ಬಿಟ್ಟುಹೋದರು. ಬೆಂಕಿ ಹಚ್ಚಿ ಹಚ್ಚಿ ಬಳಸಿದ್ದ ನೆಲದಲ್ಲಿ ವಿಸ್ಮಿಯಾ ಎಂಬ ಗಿಡ ಎದ್ದಿತು. ಕಡಿದು ಬಿಟ್ಟರೂ ಸುಡದ ನೆಲದಲ್ಲಿ ದೊಡ್ಡೆಲೆಯ ಸೆಕ್ರೋಪಿಯಾ ಮರಗಳು ಬೇಗ ಬೆಳೆದು ನೆರಳು ಹಾಕಿದವು. ಸೆಕ್ರೋಪಿಯಾ ಸುತ್ತುವರಿದ ಚೌಕಗಳಿಗೆ ಇರುವೆಹಕ್ಕಿಗಳು ಮರಳಿ ಬಂದವು, ಹತ್ತು ಹೆಕ್ಟೇರಿನ ಚೌಕಗಳಲ್ಲಿ ಏಳೆಂಟು ವರ್ಷಗಳ ಮೇಲೆ ಮಿಶ್ರ ತಂಡಗಳು ಮತ್ತೆ ಕೂಡಿದವು. ಫಿಲಿಪ್ ಸ್ಟೌಫರ್ ಮತ್ತು ರಿಚರ್ಡ್ ಬಿಯರ್‌ಗಾರ್ಡ್ 1995ರಲ್ಲಿ ಇದನ್ನು ಪ್ರಕಟಿಸಿದರು. ಹಳೆಯ ಕಾಡಿನ ತುಂಡು ಮೊದಲಿನಷ್ಟೇ ಇತ್ತು. ಬದಲಾದದ್ದು ತುಂಡುಗಳ ನಡುವಿನ ನೆಲ. ಹಕ್ಕಿಗೆ ಬೇಕಿದ್ದುದು ನೆರಳಿನಲ್ಲಿ ದಾಟಬಹುದಾದ ದಾರಿ, ಅದು ಎಳೆಯ ಮರಗಳದ್ದಾದರೂ ಸರಿ. ಕಾಡಿನ ನಡುವೆ ರಸ್ತೆ ಅಗಲಿಸುವ ಮಾತು ಬಂದಾಗ, ಹೋಗುವುದು ಕೆಲವೇ ಎಕರೆ ಎಂದು ಹೇಳುವವರು ಈ ಪ್ರಬಂಧವನ್ನು ಓದಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಅಖಂಡ ಕಾಡೂ ಈಗ ನಿಶ್ಚಿಂತೆಯ ತಾಣವಾಗಿ ಉಳಿದಿಲ್ಲ. ಬಾರೊ ಕೊಲರಾಡೊದ ಎದುರಿನ ದಡದಲ್ಲಿ ಸೊಬೆರಾನಿಯಾ ರಾಷ್ಟ್ರೀಯ ಉದ್ಯಾನವಿದೆ, ಸುಮಾರು 22,000 ಹೆಕ್ಟೇರಿನದು. ಅಲ್ಲಿ 1977ರಲ್ಲಿ ಜೇಮ್ಸ್ ಕಾರ್ ಆರಂಭಿಸಿದ ಬಲೆ ಹಾಕಿ ಎಣಿಸುವ ಕೆಲಸ 2020ರವರೆಗೆ ನಡೆಯಿತು. ಹೆನ್ರಿ ಪೊಲಾಕ್ ಮತ್ತು ಸಂಗಡಿಗರು 2022ರಲ್ಲಿ ಅದರ ಫಲಿತಾಂಶ ಕೊಟ್ಟರು: ಪರಿಶೀಲಿಸಿದ 57 ಪ್ರಭೇದಗಳಲ್ಲಿ 40 ಇಳಿಮುಖವಾಗಿವೆ, ಅವುಗಳಲ್ಲಿ 35 ಅರ್ಧಕ್ಕಿಂತ ಕಡಿಮೆಯಾಗಿವೆ. ಹೆಚ್ಚಿದವು ಎರಡೇ. ಅಲ್ಲಿ ಯಾರೂ ಕಾಡು ಕಡಿದಿಲ್ಲ.

ಇನ್ನು ಚುಕ್ಕೆಹಕ್ಕಿ. ನೀಲಿಮುಖ ಹೋದ ಮೇಲೆ ಬಾರೊ ಕೊಲರಾಡೊದಲ್ಲಿ ದಂಡಿನ ಮಧ್ಯಭಾಗ ತೆರವಾಯಿತು. ಯಾರಾದರೂ ತಕ್ಷಣ ಅಲ್ಲಿಗೆ ನುಗ್ಗಬೇಕಿತ್ತು, ಹಾಗಾಗಲಿಲ್ಲ. ಜನೀನ್ ಟಚ್‌ಟನ್ ಮತ್ತು ಜೇಮ್ಸ್ ಸ್ಮಿತ್ ವಿಲ್ಲಿಸರ ಹಳೆಯ ದಾಖಲೆಗಳ ಪಕ್ಕದಲ್ಲಿ ಹೊಸ ಎಣಿಕೆ ಇಟ್ಟು ನೋಡಿದಾಗ, ಚುಕ್ಕೆಹಕ್ಕಿಗಳು ವರ್ಷಗಳ ತಡದ ನಂತರ ದಂಡಿನ ಬಳಿ ಹಿಂದೆಂದಿಗಿಂತ ಹೆಚ್ಚಾಗಿ ಸೇರತೊಡಗಿದ್ದು ಕಂಡಿತು. 2011ರ ಆ ಪ್ರಬಂಧದ ನಂತರ, 2015ರಲ್ಲಿ ಟಚ್‌ಟನ್ ಮತ್ತು ವಿಕೆಲ್ಸ್ಕಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದ್ವೀಪದ ಕೆಲವು ಚುಕ್ಕೆಹಕ್ಕಿಗಳು ತಮ್ಮ ನೆಲ ಕಾಯುವುದನ್ನೇ ಬಿಟ್ಟು, ನೀಲಿಮುಖ ಅಲೆದ ಹಾಗೆ ಒಂದು ದಂಡಿನಿಂದ ಇನ್ನೊಂದಕ್ಕೆ ಅಲೆಯತೊಡಗಿದ್ದವು. ನೆಲ ಹಿಡಿದು ಕೂತ ಜೋಡಿಗಳೂ ಅದೇ ದ್ವೀಪದಲ್ಲಿ ಮುಂದುವರಿದಿವೆ. ಒಂದೇ ಪ್ರಭೇದದಲ್ಲಿ ಎರಡು ಬಗೆಯ ಬಾಳುವೆ, ಅದೂ ಮನುಷ್ಯರು ಉಂಗುರ ತೊಡಿಸಿ ನೋಡುತ್ತಿದ್ದ ಅರ್ಧ ಶತಮಾನದೊಳಗೆ. ತರಗಿನಲ್ಲಿ ತಾನೇ ಹುಡುಕಿ ತಿನ್ನುವ ಹಳೆಯ ವಿದ್ಯೆ ಚುಕ್ಕೆಹಕ್ಕಿಗೆ ಇದ್ದುದರಿಂದ ಅದು ಈ ಬದಲಾವಣೆಗೆ ಬೇಕಾದಷ್ಟು ಕಾಲ ದ್ವೀಪದಲ್ಲಿ ಉಳಿದಿತ್ತು. ನೀಲಿಮುಖಕ್ಕೆ ಆ ವಿದ್ಯೆ ಇರಲಿಲ್ಲ, ಇರುವೆಯ ಹೊರತು ಬೇರೆ ಗತಿಯಿರಲಿಲ್ಲ.